ಮೂರು ತಾಟಿನ ಸಿನಿಮಾ

ಕಳೆದ ತಿಂಗಳು ಅಹಮದಾಬಾದಿನಲ್ಲಿರುವ ಮಗಳು ನಮಗೊಂದು ಹೊಸ ಲ್ಯಾಪ್‌ಟಾಪ್ ಕಳಿಸಿದಳು. ತೆಳ್ಳಗೆ, ಚೆಂದಕ್ಕಿದೆ. ನನ್ನ ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿಕೊಂಡು, ನಾಲ್ಕೂ ಅಂಚು ಸವರಿ ನೋಡಿ, "ಇದಕ್ಕ ಡಿಸ್ಕ್ ಹಾಕೂ ಜಾಗಾನ ಇಲ್ಲಲ್ಲ!" ಎಂದು ಮಗಳಿಗೆ ಫೋನ್ ಹಚ್ಚಿದರು. ಮಗಳು ನಕ್ಕಳಂತೆ. ಈಗ ಯಾರು ಪಪ್ಪಾ ಡಿಸ್ಕ್ ನೋಡ್ತಾರೆ ಎಂದಳಂತೆ. ನಮ್ಮ ಮನೆಯ ಅಟ್ಟದ ಮೇಲೆ ಬೂಟಿನ ಎರಡು ಪೆಟ್ಟಿಗೆಗಳ ತುಂಬ ಕನ್ನಡ ಸಿನಿಮಾದ ಡಿಸ್ಕುಗಳಿವೆ. ನಾವು ನೋಡುತ್ತೇವೆ.

ಆಮೇಲೆ ಒಂದು ವಾರ ಅವರಿಗೆ ಅದೇ ಧ್ಯಾನ. ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸುವ ಡ್ರೈವ್ ತೆಗೆದುಕೊಳ್ಳಬೇಕೋ, ಟಿವಿಗೆ ಹಚ್ಚುವ ಪ್ಲೇಯರ್ ತೆಗೆದುಕೊಳ್ಳಬೇಕೋ? ಕೊನೆಗೆ ನನ್ನ ಮುಂದೆ ಬಂದು ನಿಂತರು. "ನಿಮಗ ತಿಳದದ್ದು ತಗೋರಿ" ಎಂದೆ. ಅವರು ನನ್ನನ್ನೇ ನೋಡುತ್ತ ನಿಂತುಬಿಟ್ಟರು, ಮೈ ಹುಷಾರಿಲ್ಲವೇನೋ ಎಂಬಂತೆ. ಡ್ರೈವ್ ಬಂತು, ಚೆನ್ನಾಗಿ ನಡೆಯುತ್ತಿದೆ, ಆ ವಿಷಯ ಅಲ್ಲಿಗೆ ಮುಗಿಯಿತು.

ಅವರು ಹಾಗೆ ನೋಡಿದ್ದಕ್ಕೆ ಕಾರಣವಿದೆ. ಹದಿನೆಂಟು ವರ್ಷದ ಕೆಳಗೆ ಇದೇ ಊರಿನಲ್ಲಿ, ಇದೇ ವಡೋದರೆಯಲ್ಲಿ, ಇದೇ ಪ್ರಶ್ನೆಗೆ ನಾನು ರಂಪ ಮಾಡಿದ್ದೆ. ಪ್ಲೇಯರೇ ಬೇಕು ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಕಡೆಗೆ ಗೆದ್ದವಳೂ ನಾನೇ. ಯಾಕೆ ಅಷ್ಟು ಹಟ ಹಿಡಿದೆ ಎಂಬುದನ್ನು ಮಾತ್ರ ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ನಾನು ಬರೆದದ್ದನ್ನು ಅವರು ಓದುವುದಿಲ್ಲ, ಆ ಧೈರ್ಯ.

ಆಗ ನಾವು ಮಕರಪುರದ ಹತ್ತಿರ ಎರಡು ಕೋಣೆಯ ಫ್ಲಾಟಿನಲ್ಲಿದ್ದೆವು. ಅವರು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಮಗಳಿಗೆ ಹತ್ತು ವರ್ಷ. ಗದಗಿನಲ್ಲಿ ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಅಲ್ಲಿ ಭಾವನವರ ಮನೆ ಇದೆ, ತುಂಬಿದ ಓಣಿ ಇದೆ, ಅವರಿಗೇನೂ ಕಡಿಮೆ ಇರಲಿಲ್ಲ. ನನ್ನ ಗಂಡನೇ ಹೋಗಿ ಹಟ ಮಾಡಿ ಕರೆದುಕೊಂಡು ಬಂದದ್ದು. "ದೀಪಾವಳಿ ತನಕ ಇದ್ದು ನೋಡ್ತೀನಪಾ. ಹೊಂದಿದ್ರ ಇರ್ತೀನಿ, ಇಲ್ಲಂದ್ರ ಟಿಕೆಟ್ ಮಾಡ್ಸಿಬಿಡು" ಎಂದು ಮೊದಲ ದಿನವೇ ಅತ್ತೆ ಹೇಳಿದ್ದರು. ನನ್ನ ಗಂಡ ಡಿಪ್ಲೊಮಾ ಮುಗಿಸಿದ ವಾರವೇ ಮನೆ ಬಿಟ್ಟವರು. ಹಬ್ಬಕ್ಕೆ ನಾಲ್ಕು ದಿನ, ಮದುವೆಗೆ ಎರಡು ದಿನ ಎಂದು ತಾಯಿಯನ್ನು ನೋಡಿದ್ದೇ ಹೊರತು ಒಂದೇ ಸೂರಿನಡಿ ಇದ್ದದ್ದೇ ಇಲ್ಲ. ಅವ್ವ ಉಳಿಯುತ್ತಾಳೋ ಇಲ್ಲವೋ ಎಂಬುದೊಂದೇ ಅವರ ತಲೆಯಲ್ಲಿ. ಗದಗಿನಿಂದ ಬರುವಾಗ ಅತ್ತೆಯ ಒಳಕಲ್ಲನ್ನೂ ರೈಲಿನಲ್ಲಿ ಹೊತ್ತು ತಂದಿದ್ದರು. ಮೂರನೇ ಮಹಡಿಯ ಫ್ಲಾಟಿನಲ್ಲಿ ಒಳಕಲ್ಲು! ಅರೆಯುವ ಸದ್ದು ತಡೆಯದೆ ಕೆಳಗಿನ ಮನೆಯವರು ಮೊದಲ ದಿನವೇ ಮೆಟ್ಟಿಲು ಹತ್ತಿ ಬಂದರು.

ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರದು. ಅದೂ ಓದಲು ಬರೆಯಲು ಬಾರದು. ಸೊಸೈಟಿಯ ಹೆಂಗಸರು ಪ್ರೀತಿಯಿಂದ "ಕೇಮ್ ಛೋ, ಬಾ?", ಹೇಗಿದ್ದೀರಮ್ಮಾ ಎಂದು ಕೇಳಿದರೆ "ಆತ್ರೀ, ನಿಮ್ದಾತೇನು ಊಟ?" ಎನ್ನುತ್ತಿದ್ದರು. ಮೊಮ್ಮಗಳಂತೂ ಶಾಲೆಯಿಂದ ಬಂದವಳೇ ಗುಜರಾತಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಮಾತಾಡುವವಳು. ಕನ್ನಡ ಅವಳಿಗೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮಗ ಬೆಳಿಗ್ಗೆ ಹೋದರೆ ಸಂಜೆಗೇ. ಹೀಗಾಗಿ ಅತ್ತೆಯ ಎಲ್ಲ ಮಾತೂ ನನ್ನ ಪಾಲಿಗೆ ಬಂತು. ನಾನು ಒಲೆಯ ಮುಂದಿದ್ದರೆ ಅಡುಗೆಮನೆಯ ಹೊಸ್ತಿಲ ಮೇಲೆ, ಬಟ್ಟೆ ಒಗೆಯುತ್ತಿದ್ದರೆ ಬಚ್ಚಲ ಬಾಗಿಲಲ್ಲಿ. ಓಣಿಯ ಯಾವ ಮನೆಯ ಯಾವ ಸೊಸೆ ಯಾವ ಹಬ್ಬದಲ್ಲಿ ಏನು ಅಂದಳು ಎಂಬುದನ್ನೆಲ್ಲ ಕೇಳಿದೆ. ಎರಡನೇ ಸಲವೂ ಕೇಳಿದೆ. ಕೆಟ್ಟ ಹೆಂಗಸಲ್ಲ ಅವರು, ಒಂದು ದಿನವೂ ನನ್ನ ಅಡುಗೆಗೆ ಹೆಸರಿಟ್ಟವರಲ್ಲ. ಆದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ, ಗಂಡ ಕಾರ್ಖಾನೆಯಲ್ಲಿ, ಮಗಳು ಶಾಲೆಯಲ್ಲಿ ಇರುವ ಆ ಮೂರು ತಾಸು ಐದಾರು ವರ್ಷಗಳಿಂದ ನನ್ನದಾಗಿತ್ತು. ಒಳಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ, ಹಾವೇರಿಯಿಂದ ತವರಿನವರು ಕಟ್ಟು ಕಟ್ಟಿ ಕಳಿಸುವ ಹಳೆಯ ವಾರಪತ್ರಿಕೆ ಓದುತ್ತ, ಓದುತ್ತ ಓದುತ್ತ ನಿದ್ದೆ ಹೋಗುವುದು. ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ. ಅತ್ತೆ ಬಂದ ಮೇಲೆ ಅದಕ್ಕೆ ಕಲ್ಲು ಬಿತ್ತು.

ಅತ್ತೆಗೆ ಹೊತ್ತು ಹೋಗಲೆಂದು ಹೊಳೆದದ್ದು ಸಿನಿಮಾ. ಆಗ ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ಊರುಗಳ ಕನ್ನಡದ ಮನೆಗಳಲ್ಲಿ ಡಿಸ್ಕುಗಳು ಸುತ್ತುತ್ತಿದ್ದವು. ಯಾರು ಊರಿಗೆ ಹೋದರೂ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ನಾಲ್ಕು ಸಿನಿಮಾ ತರಬೇಕು, ನೋಡಿದ ಮೇಲೆ ಮುಂದಿನವರಿಗೆ ದಾಟಿಸಬೇಕು. ಅಹಮದಾಬಾದಿನಿಂದ ಸೂರತ್ತಿಗೆ ಕೆಲಸದ ಮೇಲೆ ಹೋಗುವವರು ನಡುವೆ ವಡೋದರಾ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಬಾಗಿಲಲ್ಲೇ ಚೀಲ ಇಳಿಸಿ, ಇನ್ನೊಂದು ಚೀಲ ಇಸಿದುಕೊಳ್ಳುತ್ತಿದ್ದರು. ಎಷ್ಟೋ ಜನರ ಮುಖಕ್ಕಿಂತ ಅವರ ಚೀಲವೇ ನನಗೆ ಹೆಚ್ಚು ಗುರುತು. ಕವರುಗಳು ಅದಲುಬದಲಾಗುತ್ತವೆಂದು ಎಲ್ಲರೂ ಡಿಸ್ಕಿನ ಬೆನ್ನಿಗೇ ಚೀಟಿ ಅಂಟಿಸಿ ಮನೆಯ ಗುರುತು ಬರೆಯುತ್ತಿದ್ದರು. ಒಂದೊಂದು ಡಿಸ್ಕಿನ ಮೇಲೆ ಮೂರು ನಾಲ್ಕು ಚೀಟಿ, ಒಂದರ ಮೇಲೊಂದು.

ಒಂದು ಸಿನಿಮಾಕ್ಕೆ ಆಗ ಒಂದು ಡಿಸ್ಕ್ ಸಾಲುತ್ತಿರಲಿಲ್ಲ. ಎರಡು, ಉದ್ದದ್ದಾದರೆ ಮೂರು. ಊಟದ ತಟ್ಟೆಯ ಹಾಗೆ ದುಂಡಗಿವೆಯೆಂದು ಅತ್ತೆ ಅವನ್ನು ತಾಟು ಎಂದು ಕರೆಯುತ್ತಿದ್ದರು. ಅಕ್ಷರ ಬಾರದ ಅವರಿಗೆ ಮೊದಲು ಯಾವುದು, ಆಮೇಲೆ ಯಾವುದು ಎಂದು ತಿಳಿಯಲು ಅವರೇ ಒಂದು ಉಪಾಯ ಮಾಡಿಕೊಂಡರು. ನನ್ನ ಹಣೆಗೆ ಹಚ್ಚುವ ಟಿಕ್ಲಿಯ ಹಾಳೆ ತೆಗೆದುಕೊಂಡು ಮೊದಲನೇ ಡಿಸ್ಕಿಗೆ ಒಂದು ಕೆಂಪು ಟಿಕ್ಲಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಅಂಟಿಸಿದರು. ಒಂದು ಭಾನುವಾರ ಕೂತು ಮನೆಯಲ್ಲಿದ್ದ ಎಲ್ಲ ಡಿಸ್ಕಿಗೂ ಟಿಕ್ಲಿ ಇಟ್ಟು ಮುತ್ತೈದೆ ಮಾಡಿದರು. ನನ್ನ ಗಂಡ ಅದನ್ನು ಕಂಡು ಬೀಗಿದ್ದೇ ಬೀಗಿದ್ದು. "ನಮ್ಮವ್ವ ಸಾಲಿ ಕಲಿತಿದ್ರ ನನಗಿಂತ ದೊಡ್ಡ ಎಂಜಿನಿಯರ್ ಆಗ್ತಿದ್ಲು!"

ಡಿಸ್ಕೇನೋ ಇದ್ದವು, ಹಾಕಲು ಯಂತ್ರವಿರಲಿಲ್ಲ. ಕಾರ್ಖಾನೆಯವರು ತೆಗೆದುಹಾಕಿದ ಒಂದು ಹಳೆಯ ಕಂಪ್ಯೂಟರನ್ನು ಮಗಳ ಓದಿಗೆಂದು ಇವರು ತಂದು ಒಳಗಿನ ಕೋಣೆಯಲ್ಲಿಟ್ಟಿದ್ದರು. ಅದಕ್ಕೊಂದು ಡಿಸ್ಕ್ ಡ್ರೈವ್ ಕೂರಿಸಿದರೆ ಆಯಿತು ಎಂಬುದು ಅವರ ವಾದ. ಹೊರಗೆ ಹಾಲಿನಲ್ಲಿ ಟಿವಿ ಇದೆ, ಅದಕ್ಕೊಂದು ಪ್ಲೇಯರ್ ತನ್ನಿ ಎಂಬುದು ನನ್ನದು. ಅವರು ಕಾರ್ಖಾನೆಯ ನಕ್ಷೆಯೊಂದರ ಹಿಂಬದಿಯಲ್ಲಿ ಗೆರೆ ಎಳೆದು, ಒಂದು ಕಡೆ ಡ್ರೈವ್, ಒಂದು ಕಡೆ ಪ್ಲೇಯರ್ ಎಂದು ಬರೆದು ಗುಣದೋಷ ಪಟ್ಟಿ ಮಾಡಿದರು. ನಮ್ಮ ಮದುವೆಗೂ ಹೀಗೇ ಪಟ್ಟಿ ಮಾಡಿದ್ದಿರಾ ಎಂದು ಕೇಳಿದೆ. ಅವರು ಪ್ಲೇಯರಿನ ಕೆಳಗೆ ಇನ್ನೊಂದು ದೋಷ ಬರೆದರು.

"ಡ್ರೈವ್ ಇದ್ರ ಮೂರೂ ಡಿಸ್ಕ್ ಒಳಗ ಇಳಿಸ್ಕೊಂಡು ಒಂದ ಮಾಡಿಬಿಡಬಹುದು. ಒಮ್ಮಿ ಹಚ್ಚಿದ್ರ ಮುಗೀತು. ನಡುವ ಯಾರೂ ಏಳೂದ ಬ್ಯಾಡ" ಎಂದರು.

"ಅತ್ತಿ ಕಾಲ ಚಾಚಿ ನೆಲದ ಮ್ಯಾಲ ಕುಂತು ನೋಡವ್ರು. ಆ ಕುರ್ಚಿ ಮ್ಯಾಲ ಹ್ಯಾಂಗ ಕುಂಡ್ರತಾರ?" ಎಂದೆ.

ಬಾಯಲ್ಲಿ ಅತ್ತೆಯ ಕಾಲು, ಮನಸ್ಸಿನಲ್ಲಿ ನನ್ನ ಚಾಪೆ. ಕಂಪ್ಯೂಟರ್ ಇದ್ದದ್ದು ನಾನು ಮಲಗುವ ಕೋಣೆಯಲ್ಲಿ. ಅದರಲ್ಲಿ ಸಿನಿಮಾ ಹಚ್ಚಿದರೆ ಅತ್ತೆ ಮೂರು ತಾಸೂ ಅಲ್ಲೇ, ನನ್ನ ತಲೆಯ ಹತ್ತಿರ. ಪ್ಲೇಯರಾದರೆ ಹೊರಗೆ ಹಾಲಿನಲ್ಲಿ. ನಡುವೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಇಷ್ಟೇ ನನ್ನ ಹಟದ ಒಳಗುಟ್ಟು.

ಮೊದಲು ಗೆದ್ದದ್ದು ಅವರೇ. ಫತೇಗಂಜಿನ ಅಂಗಡಿಯಿಂದ ಡ್ರೈವ್ ತಂದು, ಒಂದು ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ತಾವೇ ಕೂರಿಸಿದರು. ಅವ್ವನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದರು. ಅತ್ತೆಯ ಪಾದ ನೆಲಕ್ಕೆ ಎಟುಕಲಿಲ್ಲ. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತು, "ಬ್ಯಾಂಕಿನಾಗ ಕುಂತಂಗ ಆಗೇತಿ" ಎಂದರು. ಇವರು ಒಂದು ಟಿಕ್ಲಿಯ ತಾಟನ್ನು ಒಳಗೆ ತಳ್ಳಿದರು.

ಆ ಡ್ರೈವ್ ಡಿಸ್ಕನ್ನು ಎಷ್ಟು ವೇಗದಲ್ಲಿ ತಿರುಗಿಸುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಎಂಜಿನಿಯರಿಗೂ. ಮಿಕ್ಸಿಯಲ್ಲಿ ಕಡಲೆ ಹಾಕಿದ ಹಾಗೆ ಸದ್ದು ಎದ್ದಿತು. ಡಬ್ಬಿ ಮೇಜಿನ ಮೇಲೆ ನಡುಗಿತು. ಅತ್ತೆ ಕುರ್ಚಿಯಿಂದ ಜಿಗಿದು ಇಳಿದರು. ಒಳಗೆ ಏನೋ ಚಟ್ ಎಂದಿತು, ಆಮೇಲೆ ಎಲ್ಲ ಸುಮ್ಮನಾಯಿತು. ಬಿಚ್ಚಿ ನೋಡಿದರೆ ಸೂರತ್ತಿನವರ ಚೀಟಿ ಹರಿದು ಒಂದು ಮೂಲೆಯಲ್ಲಿ, ಅತ್ತೆಯ ಕೆಂಪು ಟಿಕ್ಲಿ ಹಾರಿ ಡಿಸ್ಕನ್ನು ಓದುವ ಬೆಳಕಿನ ಕಣ್ಣಿನ ಮೇಲೆ, ಅಂಟಿಸಿಟ್ಟ ಹಾಗೆ. ಇವರು ಕೆರೆದು ತೆಗೆಯಲು ಹೋಗಿ ಆ ಕಣ್ಣನ್ನೂ ಕೆಡಿಸಿದರು. ಮಗಳು ಚಪ್ಪಾಳೆ ತಟ್ಟಿ ನಕ್ಕಳು, ನನಗೂ ನಗು ತಡೆಯಲಿಲ್ಲ. ಅತ್ತೆ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ತಮ್ಮ ತಾಮ್ರದ ಚೊಂಬನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಾರೆ. "ಏನ್ ಮಾಡಾಕತ್ತೀರಿ ಅತ್ತಿ?" ಎಂದೆ. "ನಿಮ್ಮ ಸಾಮಾನದಾಗ ನಂದೇನು ಕೆಲಸವಾ. ನನ್ನ ಟಿಕ್ಲಿ ಹಾಳ ಮಾಡ್ತು" ಎಂದರು. ಸಂಜೆ ಇವರು ಬಂದಾಗ ನಾನು ಆ ಚೊಂಬನ್ನು ತೋರಿಸಿ, "ನೋಡ್ರಿ, ನಿಮ್ಮ ಡ್ರೈವಿನ ಸಲುವಾಗಿ ನಿಮ್ಮವ್ವ ಗಂಟು ಕಟ್ಟಾಕತ್ತಾರ. ಇನ್ನೂ ಪ್ಲೇಯರ್ ಬ್ಯಾಡ ಅಂತೀರೇನು?" ಎಂದುಬಿಟ್ಟೆ. ಅವರ ಮುಖ ಇಳಿದುಹೋಯಿತು. ಬೂಟು ಬಿಚ್ಚದೆ ಹಾಗೇ ಸ್ಕೂಟರ್ ತೆಗೆದುಕೊಂಡು ಹೋದರು. ಒಂದು ತಾಸಿನಲ್ಲಿ ಪ್ಲೇಯರ್ ಬಂತು. ಇವತ್ತಿಗೂ ಆ ಇಳಿದ ಮುಖ ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ಅವರ ಎಲ್ಲಕ್ಕಿಂತ ದೊಡ್ಡ ಹೆದರಿಕೆಯನ್ನು ನನ್ನ ನಿದ್ದೆಗೆ ಬಳಸಿಕೊಂಡಿದ್ದೆ.

ಪ್ಲೇಯರ್ ಒಳ್ಳೆಯ ಜೀವ. ಚೀಟಿ ಇರಲಿ, ಟಿಕ್ಲಿ ಇರಲಿ, ಗೀರು ಬಿದ್ದಿರಲಿ, ಸಾವಕಾಶ ತಿರುಗಿಸಿಕೊಂಡು ಹೋಗುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತರೆ ನಾನು ಮೊದಲನೇ ತಾಟು ಹಾಕಿ, ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಒಂದು ತಾಸಿಗೆ ಅದು ಮುಗಿಯುತ್ತದೆ. ನಾನು ಎದ್ದು ಬಂದು ಎರಡನೆಯದು ಹಾಕುವುದು, ಮತ್ತೆ ಒಳಗೆ. ತಾಟು ಬದಲಿಸುವಾಗ ಅತ್ತೆ ಗಡಬಡಿಸಿ ಮಾತು ಶುರು ಮಾಡುತ್ತಿದ್ದರು: ಆ ನಾಯಕಿಯ ಸೀರೆ ನೋಡಿದಿಯಾ, ನಮ್ಮ ಓಣಿಯಲ್ಲೂ ಇಂಥವಳೊಬ್ಬಳು ಇದ್ದಳು. ನಾನು ಹೂಂ ಹೂಂ ಎನ್ನುತ್ತಲೇ ಗುಂಡಿ ಒತ್ತಿ ಜಾರಿಕೊಳ್ಳುತ್ತಿದ್ದೆ. ಅವರಿಗೇ ತಾಟು ಬದಲಿಸಲು ಕಲಿಸಿಕೊಡಲು ಹೋದೆ. "ನಂಗ ತಿಳಿಯೂದಿಲ್ಲವಾ" ಎಂದು ಕೈ ಹಿಂದೆ ತೆಗೆದುಕೊಂಡರು. ಟಿಕ್ಲಿಯ ಲೆಕ್ಕ ಕಂಡುಹಿಡಿದ ಹೆಂಗಸಿಗೆ ಒಂದು ಗುಂಡಿ ಒತ್ತಲು ತಿಳಿಯುವುದಿಲ್ಲವೆ ಎಂದು ನನಗೆ ಅನುಮಾನ ಕೂಡ ಬರಲಿಲ್ಲ.

ಇನ್ನೊಂದು ವಿಚಿತ್ರ. ಎಷ್ಟು ಒಳ್ಳೆಯ ಸಿನಿಮಾ ಇದ್ದರೂ ಎರಡು ತಾಟಿನದಾದರೆ ಅತ್ತೆ ಬೇಡ ಎನ್ನುತ್ತಿದ್ದರು. ಮೂರು ತಾಟಿನದೇ ಆಗಬೇಕು. ನಮ್ಮಲ್ಲಿ ಮೂರು ತಾಟಿನವು ಇದ್ದದ್ದು ನಾಲ್ಕೇ ನಾಲ್ಕು. ಅವನ್ನೇ ತಿರುಗಿ ತಿರುಗಿ ನೋಡಿದರು. ಅವ್ವನಿಗೆ ದೊಡ್ಡ ಕಥೆಯೇ ಇಷ್ಟ ಎಂದು ನನ್ನ ಗಂಡ ಅಹಮದಾಬಾದಿಗೆ, ಸೂರತ್ತಿಗೆ ಫೋನ್ ಮಾಡಿ ಉದ್ದನೆಯ ಸಿನಿಮಾ ಇದ್ದರೆ ಕಳಿಸಿ ಎಂದು ಕೇಳುತ್ತಿದ್ದರು. ಸಂಜೆ ಬಂದು ಅವ್ವನ ಪಕ್ಕ ಕೂತು, "ಇವತ್ತ ಯಾವ್ದು ನೋಡಿದಿ?" ಎಂದು ಸಾಲೆಯ ಮೇಷ್ಟ್ರ ಹಾಗೆ ವಿಚಾರಿಸುತ್ತಿದ್ದರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಹೊಂದ್ಯಾಳ ಅನಸ್ತದ. ಟಿಕೆಟ್ ಸುದ್ದೀನ ತಗೀವಲ್ಲಳು" ಎಂದು ಹಿಗ್ಗುತ್ತಿದ್ದರು. ನಿಜ, ಅತ್ತೆ ಊರಿನ ಸುದ್ದಿಯನ್ನೇ ತೆಗೆಯುತ್ತಿರಲಿಲ್ಲ. ಯಾವ ಸುದ್ದಿಯನ್ನೂ ತೆಗೆಯುತ್ತಿರಲಿಲ್ಲ. ಹೊಸ್ತಿಲ ಮೇಲೆ ಬಂದು ಕೂರುವುದೂ ನಿಂತಿತ್ತು. ಮನೆ ತಣ್ಣಗಾಗಿತ್ತು, ನಾನು ಆರಾಮಾಗಿದ್ದೆ.

ದೀಪಾವಳಿಗೆ ಇನ್ನು ಎಂಟೋ ಹತ್ತೋ ದಿನ. ಮನೆ ತೊಳೆದು, ಚಕ್ಕುಲಿ ಕರಿದು ದಣಿದಿದ್ದೆ. ಅವತ್ತು ಮಧ್ಯಾಹ್ನ ಮೊದಲನೇ ತಾಟು ಹಾಕಿ ಒಳಗೆ ಹೋದವಳು ಸತ್ತ ಹಾಗೆ ನಿದ್ದೆ ಹೋದೆ. ಎಚ್ಚರವಾದಾಗ ಮೂರೂಕಾಲು. ಎರಡು ಗಂಟೆಗೇ ತಾಟು ಮುಗಿದಿರಬೇಕು. ಹೊರಗೆ ಸದ್ದೇ ಇಲ್ಲ. ಅತ್ತೆಯೂ ಮಲಗಿರಬೇಕು ಎಂದುಕೊಂಡು ಮೆಲ್ಲಗೆ ಚಿಲಕ ತೆಗೆದೆ.

ಟಿವಿಯ ತುಂಬ ಬರೀ ನೀಲಿ. ಅದರ ಮುಂದೆ ಅತ್ತೆ ಕಾಲು ಚಾಚಿ, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರು ಮಲಗಿರಲಿಲ್ಲ. ಅವರ ಕಣ್ಣಿದ್ದದ್ದು ಟಿವಿಯ ಮೇಲಲ್ಲ, ನನ್ನ ಬಾಗಿಲ ಮೇಲೆ. ಎರಡನೇ ತಾಟನ್ನು ಆಗಲೇ ಕವರಿನಿಂದ ತೆಗೆದು, ಒರೆಸಿ, ಪಕ್ಕದಲ್ಲಿಟ್ಟುಕೊಂಡಿದ್ದರು.

"ಅಯ್ಯ, ಮುಗದು ಎಷ್ಟೊತ್ತಾತಲ್ರೀ! ಬಾಗಲಾ ಬಡೀಬಾರದಾಗಿತ್ತಾ?" ಎಂದೆ.

"ನೀ ಮಲಗಿದ್ದಿ."

"ಅದಕ್ಕೇನಾತು, ಒಂದು ಕೂಗು ಹಾಕಿದ್ರ ಎದ್ದ ಬರ್ತಿದ್ದೆ."

"ಮುಗದ್ರ ನೀ ಬರ್ತಿಯಲ್ಲ. ಅದನ್ನ ಕಾಯಾಕತ್ತಿದ್ದೆ" ಎಂದರು. ಆಮೇಲೆ, ಏನೂ ದೊಡ್ಡ ಮಾತಲ್ಲ ಎಂಬ ಹಾಗೆ, "ಮೂರು ತಾಟಿಂದು ಹಾಕಿದ್ರ ಮೂರ ಸರ್ತಿ ಬರ್ತಿ. ಎರಡು ತಾಟಿಂದಕ್ಕ ಎರಡ ಸರ್ತಿ. ಅದಕ್ಕ ಬ್ಯಾಡ ಅಂತಿದ್ದೆ" ಎಂದರು.

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಅವರ ಕೈಯಿಂದ ಎರಡು ಟಿಕ್ಲಿಯ ತಾಟು ಇಸಿದುಕೊಂಡು ಹಾಕಿದೆ, ಹಾಕಿ ಅವರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ನಾನು ಏಳುತ್ತೇನೆಂದು. ಏಳಲಿಲ್ಲವಾದ್ದರಿಂದ ಮಾತು ಶುರು ಮಾಡಿದರು. ಆ ತಾಟು ಪೂರ್ತಿ ಮುಗಿಯುವ ತನಕ ಮಾತಾಡಿದರು. ಮಾವನವರು ಕೊನೆಯ ವಾರ ಏನು ತಿಂದರು, ಏನು ಬೇಡವೆಂದರು ಎಂಬುದನ್ನು ಅವತ್ತು ಮೊದಲ ಸಲ ಹೇಳಿದರು. ಸಿನಿಮಾದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದು, ಇಬ್ಬರೂ ಅಳುತ್ತಿರುವುದನ್ನು ಕಂಡು, ಸಿನಿಮಾ ಅಷ್ಟು ಸ್ಯಾಡಾ ಎಂದು ಹಿಂದಿಯಲ್ಲಿ ಕೇಳಿದಳು.

ಸಂಜೆ ಗದಗಿನಿಂದ ಭಾವನವರ ಫೋನ್ ಬಂತು. ಹಬ್ಬದ ನಂತರ ರೈಲಿನಲ್ಲಿ ಜಾಗ ಸಿಗುವುದು ಕಷ್ಟ, ಅವ್ವ ಬರುವುದಾದರೆ ಈಗಲೇ ಹೇಳಿ ಎಂದರಂತೆ. ನನ್ನ ಗಂಡ ಫೋನಿಟ್ಟು ಹಾಲಿಗೆ ಬಂದರು. ಉತ್ತರ ಗೊತ್ತಿದೆ ಎಂಬ ನಂಬಿಕೆಯಲ್ಲೇ, "ಏನ್ಬೇ ಅವ್ವ, ಹೊಂದಿದಿ ಹೌದಿಲ್ಲೋ? ಟಿಕೆಟ್ ಬ್ಯಾಡ ಅಂತ ಹೇಳಿಬಿಡ್ಲಿ?" ಎಂದು ಕೇಳಿದರು.

ಅತ್ತೆ ಮಗನ ಮುಖ ನೋಡಲಿಲ್ಲ. ಬೆರಳಿನಲ್ಲಿ ಚಾಪೆಯ ಎಳೆ ಜಗ್ಗುತ್ತ, "ನನ್ನೇನ ಕೇಳ್ತಿ? ಆಕಿನ್ನ ಕೇಳು" ಎಂದರು.

ನನ್ನ ಗಂಡ ನನ್ನ ಕಡೆ ತಿರುಗಿದರು. ತಮಾಷೆಯೆಂದುಕೊಂಡಿದ್ದರು, ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಎರಡು ತಿಂಗಳಿನಿಂದ ನಾನು ಯಾವ ಬಾಗಿಲಿಗೆ ಯಾಕೆ ಚಿಲಕ ಹಾಕಿಕೊಳ್ಳುತ್ತಿದ್ದೆ ಎಂಬುದು ಅವರಿಗೆ ಮೊದಲ ದಿನದಿಂದ ತಿಳಿದಿತ್ತು. ಮಗನಿಗೆ ಒಂದು ಮಾತು ಹೇಳಿರಲಿಲ್ಲ.

"ಟಿಕೆಟ್ ಬ್ಯಾಡ. ನನಗ ಅತ್ತಿ ಬೇಕು" ಎಂದೆ.

ಹೇಳುವಾಗ ಅದು ಪೂರಾ ನಿಜವಾಗಿರಲಿಲ್ಲ, ಅದು ಅತ್ತೆಗೂ ಗೊತ್ತಿತ್ತು. ನಿಜವಾಗಲು ಇನ್ನೂ ಒಂದೆರಡು ವರ್ಷ ಹಿಡಿಯಿತು. ಅವರು ನಮ್ಮ ಜೊತೆ ಒಂಬತ್ತು ವರ್ಷ ಇದ್ದರು.